ಅಕ್ಷರದ ಪಕ್ಕದಲ್ಲಿ ಮೂರು ಹನಿ ನೀರು

2004ರ ಡಿಸೆಂಬರ್ 26ಕ್ಕೆ ಮೊದಲು ‘ಸುನಾಮಿ’ ಎಂಬ ಪದವನ್ನು ಕೇಳಿದ್ದ ಕನ್ನಡಿಗರು ಕಡಿಮೆ. ಆ ಭಾನುವಾರ ಕಳೆದ ಮೇಲೆ ಅದನ್ನು ಕೇಳದವರು ಇಲ್ಲವಾದರು. ಇಂಡೊನೇಷ್ಯದ ಸುಮಾತ್ರಾ ಬಳಿ ಕಡಲತಳ ಕಂಪಿಸಿ ತಮಿಳುನಾಡು, ಅಂಡಮಾನ್, ಶ್ರೀಲಂಕಾ ತೀರಗಳ ಮೇಲೆ ಅಲೆಗಳು ಏರಿ ಬಂದಾಗ ಪತ್ರಿಕೆಗಳಿಗೆ ಬೇರೆ ಪದ ಹೊಳೆಯಲಿಲ್ಲ. ಈಗಂತೂ ಚುನಾವಣೆಯಲ್ಲಿ ಯಾವುದಾದರೂ ಪಕ್ಷ ಭರ್ಜರಿಯಾಗಿ ಗೆದ್ದರೂ ‘ಸುನಾಮಿ’ಯೇ. ಹೀಗೆ ನಮ್ಮದೇ ಆಗಿಬಿಟ್ಟಿರುವ ಈ ಪದ ಹುಟ್ಟಿದ್ದು ಜಪಾನಿನಲ್ಲಿ.

ಜಪಾನೀಯರು ಅದನ್ನು ‘ತ್ಸುನಾಮಿ’ ಎನ್ನುತ್ತಾರೆ. ಎರಡು ಅಕ್ಷರಗಳಲ್ಲಿ ಬರೆಯುತ್ತಾರೆ. ಮೊದಲನೆಯದು ‘ತ್ಸು’, ಅಂದರೆ ದೋಣಿಗಳು ತಂಗುವ ರೇವು. ಎರಡನೆಯದು ‘ನಾಮಿ’, ಅಂದರೆ ಅಲೆ. ಎರಡೂ ಸೇರಿದರೆ ರೇವಿನ ಅಲೆ. ಆಳವಾದ ಕಡಲಿನಲ್ಲಿ ಈ ಅಲೆಯ ಎತ್ತರ ತೀರಾ ಕಡಿಮೆ. ಅಲ್ಲಿ ಮೀನು ಹಿಡಿಯುತ್ತಿರುವವರಿಗೆ ಅದು ದೋಣಿಯ ಅಡಿಯಲ್ಲಿ ಹಾದುಹೋದದ್ದೂ ಗೊತ್ತಾಗುವುದಿಲ್ಲ. ತೀರದ ಬಳಿ ನೀರಿನ ಆಳ ಕಡಿಮೆಯಾದಾಗಲೇ ಅದು ಎದ್ದು ನಿಲ್ಲುವುದು. ದೋಣಿ ತಿರುಗಿಸಿಕೊಂಡು ಬಂದ ಬೆಸ್ತರ ಕಣ್ಣಿಗೆ ಬೀಳುತ್ತಿದ್ದುದು ಹಾಳಾದ ರೇವು. ಆದ್ದರಿಂದಲೇ ಈ ಹೆಸರು ಬಂತು ಎನ್ನುವುದು ರೂಢಿಯಲ್ಲಿರುವ ವಿವರಣೆ.

ಈ ಪದದ ಅತ್ಯಂತ ಹಳೆಯ ದಾಖಲೆ ಎಂದು ವಿದ್ವಾಂಸರು ತೋರಿಸುವುದು ‘ಸುನ್ಪುಕಿ’ ಎಂಬ ದಿನಚರಿಯನ್ನು. 1611ರಲ್ಲಿ ಸೆಂಡೈ ಪ್ರಾಂತ್ಯದ ದೊರೆ ದಾತೆ ಮಸಾಮುನೆಯ ಸೀಮೆಯಲ್ಲಿ ಕಡಲು ಉಕ್ಕಿ ಮನೆಗಳು ಕೊಚ್ಚಿಹೋದವು, ಐದು ಸಾವಿರ ಜನ ಮುಳುಗಿ ಸತ್ತರು, ಲೋಕ ಇದನ್ನು ತ್ಸುನಾಮಿ ಎನ್ನುತ್ತದೆ ಎಂಬರ್ಥದ ಮಾತು ಅದರಲ್ಲಿದೆ. ನಾಲ್ಕು ಶತಮಾನ ಕಳೆದು, 2011ರ ಮಾರ್ಚ್ 11ರಂದು, ಅದೇ ಸೆಂಡೈ ತೀರಕ್ಕೆ ಮತ್ತೆ ಅಂಥದೇ ಅಲೆ ಬಂತು. ಜಪಾನಿನ ಈಶಾನ್ಯ ಕರಾವಳಿಯಲ್ಲಿ ಸತ್ತವರು ಮತ್ತು ಕಾಣೆಯಾದವರ ಸಂಖ್ಯೆ 18 ಸಾವಿರವನ್ನು ಮೀರಿತು.

ಆ ದುರಂತದ ಬಳಿಕ ಜಪಾನೀಯರು ತಮ್ಮ ಊರುಗಳ ಹೆಸರುಗಳನ್ನು ಮತ್ತೊಮ್ಮೆ ಗಮನವಿಟ್ಟು ಓದತೊಡಗಿದರು. ಕಾರಣ, ಅವರ ಬರವಣಿಗೆಯಲ್ಲಿ ನೀರು ಕಣ್ಣಿಗೆ ಕಾಣುತ್ತದೆ. ಒಂದು ಊರು ಹಿಂದೆ ಜೌಗು ಆಗಿತ್ತೇ, ರೇವಾಗಿತ್ತೇ, ಅಲೆ ಮುಟ್ಟಿದ ಜಾಗವೇ ಎಂಬುದನ್ನು ಅದರ ಹೆಸರು ಬರೆಯುವ ಅಕ್ಷರವೇ ಎಷ್ಟೋ ಸಲ ಹೇಳಿಬಿಡುತ್ತದೆ.

ನೀರಿನ ಗುರುತು

ಸುಮಾರು 5ನೇ ಶತಮಾನದಿಂದ ಚೀನಾದಿಂದ ಜಪಾನಿಗೆ ಬಂದು ನೆಲೆಸಿದ ಅಕ್ಷರಗಳಿಗೆ ‘ಕಾಂಜಿ’ ಎಂದು ಹೆಸರು. ನಮ್ಮ ಅಕ್ಷರ ದನಿಯನ್ನು ಮಾತ್ರ ಸೂಚಿಸುತ್ತದೆ. ‘ಕೆರೆ’ ಎಂದು ಬರೆದರೂ ‘ಕರೆ’ ಎಂದು ಬರೆದರೂ ಅಕ್ಷರದಲ್ಲಿ ನೀರಿನ ಪಸೆ ಇಲ್ಲ. ಕಾಂಜಿಯಲ್ಲಿ ದನಿಗಿಂತ ಮೊದಲು ಅರ್ಥ.

ಉದಾಹರಣೆಗೆ ನದಿ. ಮೇಲಿನಿಂದ ಕೆಳಕ್ಕೆ ಮೂರು ಗೆರೆ ಎಳೆದರೆ ‘ಕವಾ’, ಅಂದರೆ ಹೊಳೆ. ಆ ಮೂರು ಗೆರೆಗಳ ನಡುವೆ ಮೂರು ಚುಕ್ಕೆ ಇಟ್ಟರೆ ಹೊಳೆಯ ಮಧ್ಯದ ಮರಳುದಿಬ್ಬ. ನಮ್ಮ ಕರಾವಳಿಯವರು ಕುದುರು ಎನ್ನುತ್ತಾರಲ್ಲ, ಅದು. ಕ್ಯುಶು, ಹೊನ್ಶು ಎಂಬ ಜಪಾನಿನ ದೊಡ್ಡ ದ್ವೀಪಗಳ ಹೆಸರಿನ ಕೊನೆಯ ‘ಶು’ ಬರೆಯುವುದು ಇದೇ ಅಕ್ಷರದಲ್ಲಿ. ಅಲ್ಲಿ ಅದಕ್ಕೆ ನಾಡು, ಸೀಮೆ ಎಂಬ ಅರ್ಥ. ನೀರಿನ ಅಕ್ಷರಕ್ಕೆ ಒಂದು ಚುಕ್ಕೆ ಸೇರಿಸಿದರೆ ಮಂಜುಗಡ್ಡೆ. ಬೆಟ್ಟದ ಮೇಲೆ ಹಕ್ಕಿಯನ್ನು ಕೂರಿಸಿದರೆ ‘ಶಿಮಾ’, ದ್ವೀಪ. ಇಂಥ ದ್ವೀಪಗಳು ಜಪಾನಿಗೆ 14,125 ಇವೆ ಎಂದು ಅಲ್ಲಿನ ಸರ್ಕಾರಿ ಭೂಮಾಪನ ಸಂಸ್ಥೆ 2023ರಲ್ಲಿ ಎಣಿಸಿ ಹೇಳಿತು.

ನೀರಿಗೆ ಸಂಬಂಧಪಟ್ಟ ಬಹುಪಾಲು ಅಕ್ಷರಗಳಿಗೆ ಎಡಭಾಗದಲ್ಲಿ ಮೂರು ಪುಟ್ಟ ಗೀಟುಗಳಿರುತ್ತವೆ, ಒಂದರ ಕೆಳಗೆ ಒಂದು, ಸಿಡಿದ ಹನಿಗಳಂತೆ. ಇದಕ್ಕೆ ‘ಸಾಂಜುಯಿ’, ಅಂದರೆ ‘ಮೂರು ನೀರು’ ಎಂದು ಹೆಸರು. ಕಡಲು, ಸರೋವರ, ಕೊಳ, ಜೌಗು, ಕೊಲ್ಲಿ, ಅಲೆ, ರೇವು ಎಲ್ಲಕ್ಕೂ ಈ ಮೂರು ಹನಿ ಇದೆ. ಓದಲು ಬಾರದ ಅಕ್ಷರ ಎದುರಾದರೂ ಇದೇನೋ ನೀರಿನ ಸಂಗತಿ ಎಂದು ಜಪಾನಿನ ಶಾಲೆಯ ಹುಡುಗ ಊಹಿಸಬಲ್ಲ.

ಒಂದೇ ಅಕ್ಷರಕ್ಕೆ ಸಾಮಾನ್ಯವಾಗಿ ಎರಡು ಓದುಗಳಿರುತ್ತವೆ. ಕನ್ನಡಿಗರಿಗೆ ಇದು ಅಷ್ಟೇನೂ ವಿಚಿತ್ರವಲ್ಲ. ನಾವು ಕುಡಿಯುವುದು ನೀರು, ಕಟ್ಟುವುದು ಜಲಾಶಯ. ‘ನೀರು’ ನಮ್ಮದು, ‘ಜಲ’ ಸಂಸ್ಕೃತದ್ದು. ಇವೆರಡಕ್ಕೂ ಒಂದೇ ಗುರುತು ಇದ್ದು, ಒಂಟಿಯಾಗಿ ಬಂದಾಗ ‘ನೀರು’ ಎಂದೂ ಸಮಾಸದಲ್ಲಿ ಬಂದಾಗ ‘ಜಲ’ ಎಂದೂ ಓದುವ ಪದ್ಧತಿಯಿದ್ದರೆ ಹೇಗೋ ಹಾಗೆ. ಜಪಾನಿನಲ್ಲಿ ನೀರಿನ ಅಕ್ಷರವನ್ನು ಒಂಟಿಯಾಗಿ ‘ಮಿಜು’ ಎಂದು ದೇಸಿಯಾಗಿ ಓದುತ್ತಾರೆ. ಸಮಾಸದಲ್ಲಿ ಚೀನಾದಿಂದ ಬಂದ ‘ಸುಯಿ’. ಕಡಲು ಒಂಟಿಯಾದರೆ ‘ಉಮಿ’, ಕಡಲತೀರ ಎನ್ನುವಾಗ ‘ಕಾಯ್‌ಗಾನ್’.

ಅಲೆ ನೀರಿನ ಚರ್ಮವೇ?

ಕಾಂಜಿಯೆಲ್ಲ ಚಿತ್ರ ಎಂದು ತಿಳಿಯುವುದು ತಪ್ಪು. ಹೆಚ್ಚಿನ ಅಕ್ಷರಗಳಲ್ಲಿ ಒಂದು ಭಾಗ ಅರ್ಥ ಹೇಳಿದರೆ ಇನ್ನೊಂದು ಭಾಗ ಉಚ್ಚಾರಣೆ ಹೇಳುತ್ತದೆ. ಅಲೆಯ ಅಕ್ಷರದಲ್ಲಿ ಮೂರು ಹನಿಯ ಪಕ್ಕ ಇರುವುದು ‘ಚರ್ಮ’. ಹನ್ನೊಂದನೆಯ ಶತಮಾನದ ಚೀನೀ ಮಂತ್ರಿ ವಾಂಗ್ ಆನ್‌ಶಿ, ಅಲೆ ಎಂದರೆ ನೀರಿನ ಚರ್ಮ ಎಂದು ಅರ್ಥ ಬಿಡಿಸಿದನಂತೆ. ಹಾಸ್ಯಪ್ರಜ್ಞೆಯ ಕವಿ ಸು ಶಿ ಸುಮ್ಮನಿರಲಿಲ್ಲ. ‘ಜಾರು’ ಎಂಬ ಅಕ್ಷರದಲ್ಲಿ ಮೂರು ಹನಿಯ ಪಕ್ಕ ‘ಮೂಳೆ’ ಇದೆ; ಹಾಗಾದರೆ ಜಾರುವುದೆಂದರೆ ನೀರಿನ ಮೂಳೆಯೋ ಎಂದು ಕೇಳಿದನೆಂದು ಕಥೆ. ಚರ್ಮವೂ ಮೂಳೆಯೂ ಅಲ್ಲಿ ದನಿಗಾಗಿ ಬಂದು ಕೂತಿವೆ, ಅಷ್ಟೆ.

ಮಹಾಸಾಗರದ ಅಕ್ಷರದಲ್ಲಿ ನೀರಿನ ಪಕ್ಕ ಕುರಿ ನಿಂತಿರುವುದೂ ಹೀಗೆಯೇ. ಕುರಿಗೂ ಸಾಗರಕ್ಕೂ ನಂಟಿಲ್ಲ; ಎರಡರ ಉಚ್ಚಾರ ‘ಯೋ’ ಎಂಬುದಷ್ಟೇ ಕಾರಣ. ಸಾಗರದ ಆಚೆಯಿಂದ ಬಂದದ್ದೆಲ್ಲ ಪಾಶ್ಚಾತ್ಯ ಎನಿಸಿ, ಇದೇ ಅಕ್ಷರಕ್ಕೆ ‘ವಿದೇಶಿ’ ಎಂಬ ಅರ್ಥವೂ ಅಂಟಿಕೊಂಡಿತು. ಪ್ಯಾಂಟು ಶರ್ಟಿಗೆ ಜಪಾನೀಯರು ‘ಯೋಫುಕು’, ಸಾಗರದ ಉಡುಪು ಎನ್ನುತ್ತಾರೆ. ಕಡಲಿನ ಹಳೆಯ ಅಕ್ಷರದೊಳಗೆ ‘ತಾಯಿ’ಯ ಅಕ್ಷರ ಇತ್ತು. ಎರಡನೇ ಮಹಾಯುದ್ಧದ ನಂತರ ಅಕ್ಷರಗಳನ್ನು ಸರಳಗೊಳಿಸಿದಾಗ ತಾಯಿಯ ಎರಡು ಚುಕ್ಕೆಗಳು ಕೂಡಿ ಒಂದು ಗೆರೆಯಾಗಿ, ಆ ಹೋಲಿಕೆ ಮಸುಕಾಯಿತು.

ತೀರಕ್ಕೆ ಎಷ್ಟು ಹೆಸರು

ಜಪಾನಿನ ಕರಾವಳಿ ಸುಮಾರು 35 ಸಾವಿರ ಕಿಲೋಮೀಟರ್ ಉದ್ದ. ಅಂಥ ನಾಡಿನಲ್ಲಿ ತೀರಕ್ಕೆ ಒಂದೇ ಪದ ಸಾಲದು. ಮರಳಿನ ತೀರ ‘ಹಮಾ’. ಯೊಕೊಹಾಮಾದ ಕೊನೆಯಲ್ಲಿರುವುದು ಅದೇ. ಬಂಡೆಗಳ ತೀರ ‘ಇಸೊ’. ಇದಕ್ಕೆ ಎಡಗಡೆ ನೀರಲ್ಲ, ಕಲ್ಲಿನ ಗುರುತು. ಒಳಚಾಚಿದ ಶಾಂತ ಕೊಲ್ಲಿ ‘ಉರಾ’. ದೊಡ್ಡ ಕೊಲ್ಲಿ ‘ವಾನ್’. ಅದರ ಅಕ್ಷರದೊಳಗೆ ಬಾಗಿದ ಬಿಲ್ಲು ಇದೆ. ತೀರದಿಂದ ಆಚೆಗಿನ ತೆರೆದ ಕಡಲು ‘ಒಕಿ’. ಒಕಿನಾವಾ ಎಂಬ ಹೆಸರನ್ನು ಬರೆಯುವುದು ಈ ಅಕ್ಷರದಿಂದಲೇ.

ಹಡಗಿನವರು ಹೆದರುವ ಒರಟು ಕಡಲಿಗೆ ‘ನಾದಾ’ ಎಂದು ಹೆಸರು. ಮೂರು ಹನಿಯ ಪಕ್ಕದಲ್ಲಿ ‘ಕಷ್ಟ’ ಎಂಬ ಅಕ್ಷರ. ಚೀನಾದಲ್ಲಿ ಇದಕ್ಕೆ ನದಿಯ ರಭಸದ ತಿರುವು, ಮರಳದಂಡೆ ಎಂಬ ಅರ್ಥ. ಜಪಾನಿನ ನಾವಿಕರಿಗೆ ಬೇಕಾಗಿದ್ದ ಪದ ಬೇರೆ; ಅವರು ಅಕ್ಷರವನ್ನು ಕಡಲಿಗೆ ಎಳೆದುಕೊಂಡರು.

ಉಬ್ಬರಕ್ಕೆ ಎರಡು ಅಕ್ಷರ. ನೀರಿನ ಪಕ್ಕ ‘ಬೆಳಗು’ ಬರೆದರೆ ಬೆಳಗಿನ ಉಬ್ಬರ, ‘ಸಂಜೆ’ ಬರೆದರೆ ಸಂಜೆಯ ಉಬ್ಬರ. ದಿನಕ್ಕೆ ಎರಡು ಸಲ ಕಡಲೇರುವುದನ್ನು ಇದಕ್ಕಿಂತ ಅಚ್ಚುಕಟ್ಟಾಗಿ ಬರೆಯುವುದು ಕಷ್ಟ. ಚೀನಾದಲ್ಲಿ ಇಲ್ಲದೆ ಜಪಾನಿನಲ್ಲೇ ಹುಟ್ಟಿದ ಅಕ್ಷರಗಳೂ ಇವೆ. ಅವುಗಳಲ್ಲಿ ಸೊಗಸಾದದ್ದು ‘ನಾಗಿ’. ಗಾಳಿಯ ಅಕ್ಷರದ ಚೌಕಟ್ಟಿನೊಳಗೆ ‘ನಿಲ್ಲು’ ಎಂದು ಬರೆದರೆ ಗಾಳಿ ನಿಂತ ಕಡಲು. ಹಗಲು ಕಡಲಿನಿಂದ ನೆಲಕ್ಕೆ, ರಾತ್ರಿ ನೆಲದಿಂದ ಕಡಲಿಗೆ ಬೀಸುವ ಗಾಳಿ ದಿಕ್ಕು ಬದಲಿಸುವ ಮುಸ್ಸಂಜೆಯಲ್ಲಿ ಸ್ವಲ್ಪ ಹೊತ್ತು ಎಲೆಯೂ ಅಲುಗುವುದಿಲ್ಲ. ಸೆತೊ ಒಳಗಡಲಿನ ತೀರದವರಿಗೆ ಬೇಸಿಗೆಯ ಆ ಸೆಕೆಯ ಗಳಿಗೆ ಚೆನ್ನಾಗಿ ಗೊತ್ತು.

ಸಿಹಿನೀರಿನ ಕಡಲು

ಹಳೆಯ ಜಪಾನಿ ಭಾಷೆಯಲ್ಲಿ ‘ಉಮಿ’ ಎಂದರೆ ಉಪ್ಪುಕಡಲು ಮಾತ್ರವಲ್ಲ, ದೊಡ್ಡ ಸರೋವರವೂ ಹೌದು. ಇಂದಿಗೂ ಸರೋವರಕ್ಕೆ ‘ಮಿಜುಉಮಿ’, ಅಂದರೆ ನೀರಿನ ಕಡಲು ಎನ್ನುತ್ತಾರೆ. ಹಿಂದೆ ರಾಜಧಾನಿಗೆ ಹತ್ತಿರವಿದ್ದ ಬಿವಾ ಸರೋವರ ‘ಹತ್ತಿರದ ಸಿಹಿಗಡಲು’, ದೂರದಲ್ಲಿದ್ದ ಹಮಾನಾ ಸರೋವರ ‘ದೂರದ ಸಿಹಿಗಡಲು’ ಎನಿಸಿಕೊಂಡವು. ಸುತ್ತಲಿನ ಸೀಮೆಗಳಿಗೂ ಅವೇ ಹೆಸರು.

713ರಲ್ಲಿ ಸಾಮ್ರಾಜ್ಞಿ ಗೆನ್ಮೆಯಿಯ ಕಾಲದಲ್ಲಿ, ಊರು ಸೀಮೆಗಳ ಹೆಸರನ್ನು ಶುಭವಾದ ಅಕ್ಷರಗಳಲ್ಲಿ ಬರೆಯಬೇಕೆಂದು ಆಜ್ಞೆಯಾಯಿತು. ಎರಡೇ ಅಕ್ಷರದಲ್ಲಿ ಬರೆಯುವ ರೂಢಿಯೂ ಆ ಕಾಲದಲ್ಲಿ ಗಟ್ಟಿಯಾಯಿತು. ಹೀಗಾಗಿ ‘ಹತ್ತಿರ’ ಮತ್ತು ‘ಕೊಲ್ಲಿ’ ಎಂಬ ಎರಡು ಅಕ್ಷರ ಬರೆದು ‘ಓಮಿ’ ಎಂದೂ, ‘ದೂರ’ ಮತ್ತು ‘ಕೊಲ್ಲಿ’ ಬರೆದು ‘ತೋತೋಮಿ’ ಎಂದೂ ಓದತೊಡಗಿದರು. ಒಂದೇ ಅಕ್ಷರ ಸಾಕಾಗಿದ್ದ ಹೆಸರಿಗೂ ಎರಡು ಬೇಕಾಯಿತು. ಚಿಲುಮೆ ಎಂಬರ್ಥದ ‘ಇಜುಮಿ’ ಸೀಮೆಗೆ ಮುಂದೆ ‘ಸಾಮರಸ್ಯ’ ಎಂಬ ಅಕ್ಷರ ಸೇರಿಸಿದರು. ಅದನ್ನು ಬರೆಯಬೇಕು, ಓದಬಾರದು!

ದೂರದ ಸಿಹಿಗಡಲಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಹಮಾನಾ ಸರೋವರಕ್ಕೂ ಪೆಸಿಫಿಕ್ ಸಾಗರಕ್ಕೂ ನಡುವೆ ಮರಳಿನ ದಂಡೆಯೊಂದಿತ್ತು. 1498ರ ಭಾರಿ ಭೂಕಂಪ, ಸುನಾಮಿಯ ಹೊಡೆತದಲ್ಲಿ ಅದು ಕಡಿದುಹೋಗಿ ಉಪ್ಪುನೀರು ಒಳನುಗ್ಗಿತು. ಹೊಸದಾಗಿ ತೆರೆದ ಅಳಿವೆಗೆ ಜನ ‘ಇಮಾಗಿರೆ’ ಎಂದರು. ‘ಈಗ’ ಮತ್ತು ‘ಕಡಿ’ ಎಂಬ ಎರಡು ಅಕ್ಷರ. ಐದು ಶತಮಾನ ದಾಟಿದರೂ ಅದು ಇನ್ನೂ ‘ಈಗ ಕಡಿದದ್ದು’. ಪಕ್ಕದ ನಾಡಿನ ಹಳೆಯ ಹೆಸರಿನಲ್ಲಿ ಮಾತ್ರ ನೀರು ಇನ್ನೂ ಸಿಹಿಯಾಗಿಯೇ ಇದೆ.

ನೀರು ಹೋಯಿತು, ಅಕ್ಷರ ಉಳಿಯಿತು

ಮರಳದಂಡೆಯ ಹಿಂದೆ ನಿಂತ ಹಿನ್ನೀರಿಗೂ, ಇಳಿತದಲ್ಲಿ ತೆರೆದುಕೊಳ್ಳುವ ಕೆಸರು ಬಯಲಿಗೂ ‘ಕಾತಾ’ ಎಂದು ಹೆಸರು. ನೀಗಾತಾ ಎಂದರೆ ಹೊಸ ಹಿನ್ನೀರು. ಬರೆಯಲು ಕಷ್ಟವಾದ ಈ ಅಕ್ಷರ ಯುದ್ಧಾನಂತರ 1946ರಲ್ಲಿ ಸರ್ಕಾರ ಮಾಡಿದ ಸಾಮಾನ್ಯ ಬಳಕೆಯ ಪಟ್ಟಿಯಲ್ಲಿ ಸ್ಥಾನ ಪಡೆಯಲಿಲ್ಲ, 1981ರಲ್ಲಿ ಸೇರಿತು. ಪ್ರಾಥಮಿಕ ಶಾಲೆಯ ಪಾಠಕ್ಕೆ ಬಂದದ್ದು 2020ರಲ್ಲಿ, ಆಡಳಿತ ಪ್ರಾಂತ್ಯಗಳ ಹೆಸರಿನ ಇಪ್ಪತ್ತು ಅಕ್ಷರಗಳನ್ನು ನಾಲ್ಕನೇ ತರಗತಿಗೆ ಸೇರಿಸಿದಾಗ.

ಅಕ್ಷರ ಪಠ್ಯಕ್ಕೆ ಬರುವ ಹೊತ್ತಿಗೆ ಹಿನ್ನೀರುಗಳು ಹೋಗಿದ್ದವು. ಅಕಿತಾ ಪ್ರಾಂತ್ಯದ ಹಚಿರೊಗಾತಾ ಸುಮಾರು 220 ಚದರ ಕಿಲೋಮೀಟರ್ ವಿಸ್ತಾರದ, ಬಿವಾ ಬಿಟ್ಟರೆ ಜಪಾನಿನಲ್ಲೇ ದೊಡ್ಡದಾದ ಸರೋವರವಾಗಿತ್ತು. ಅನ್ನಕ್ಕೆ ಕೊರತೆ ಇದ್ದ ಕಾಲ. 1957ರಲ್ಲಿ ಆರಂಭಿಸಿ, ಒಡ್ಡು ಕಟ್ಟಿ ನೀರು ಹೊರಹಾಕಿ, ಸುಮಾರು 17 ಸಾವಿರ ಹೆಕ್ಟೇರ್ ನೆಲ ತೆಗೆದರು. 1964ರಲ್ಲಿ ಆ ನೆಲದ ಮೇಲೆ ಹುಟ್ಟಿದ ಹಳ್ಳಿಗೆ ಇಟ್ಟ ಹೆಸರು ‘ಓಗಾತಾ’, ಅಂದರೆ ದೊಡ್ಡ ಹಿನ್ನೀರು. ಯಾವುದನ್ನು ಬತ್ತಿಸಿದರೋ ಅದರ ಹೆಸರೇ ಊರಿಗೆ. ರೈತರು ಬಂದು ನೆಲೆಸುತ್ತಿದ್ದಂತೆ, 1970ರಲ್ಲಿ, ಅಕ್ಕಿ ಹೆಚ್ಚಾಯಿತು, ಭತ್ತ ಕಡಿಮೆ ಮಾಡಿ ಎಂದು ಸರ್ಕಾರವೇ ಹೇಳಬೇಕಾಯಿತು. ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿರುವ ಆ ನೆಲದಿಂದ ಇಂದಿಗೂ ಪಂಪು ಹಾಕಿ ನೀರು ಎತ್ತುತ್ತಿರಬೇಕು.

ಅಕ್ಷರ ಹೇಳಿದ್ದನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ನೀಗಾತಾ ನಗರವೇ ಸಾಕ್ಷಿ. 1964ರ ಜೂನ್ 16ರ ಭೂಕಂಪದಲ್ಲಿ ಅಲ್ಲಿನ ವಸತಿ ಕಟ್ಟಡಗಳು ಬಿರುಕು ಬಿಡಲಿಲ್ಲ, ಕುಸಿಯಲೂ ಇಲ್ಲ. ಇದ್ದ ಹಾಗೆಯೇ ವಾಲಿಕೊಂಡವು. ಒಂದಂತೂ ಪೂರ್ತಿ ಮಗುಚಿ ಮಲಗಿತು. ನೀರು ತುಂಬಿದ ಸಡಿಲ ಮರಳು ಕಂಪನಕ್ಕೆ ಸಿಕ್ಕಿ ಗಂಜಿಯಂತಾಗಿ, ಕಟ್ಟಡವನ್ನು ಹೊರುವ ಶಕ್ತಿ ಕಳೆದುಕೊಂಡಿತ್ತು. ಜಗತ್ತಿನ ಎಂಜಿನಿಯರುಗಳು ಈ ವಿದ್ಯಮಾನವನ್ನು ಗಂಭೀರವಾಗಿ ಅಭ್ಯಾಸ ಮಾಡತೊಡಗಿದ್ದು ಆ ಚಿತ್ರಗಳನ್ನು ನೋಡಿದ ಮೇಲೆ. ಆ ಬಡಾವಣೆಯ ಹೆಸರು ‘ಕವಾಗಿಶಿ-ಚೊ’: ಹೊಳೆದಂಡೆ ಪೇಟೆ. ಒಂದು ಕಾಲದಲ್ಲಿ ಶಿನಾನೊ ನದಿ ಹರಿಯುತ್ತಿದ್ದ ಪಾತ್ರದ ಮೇಲೇ ಅದು ನಿಂತಿತ್ತು.

ಬಚ್ಚಿಟ್ಟ ನೀರು

ಎಲ್ಲ ಹೆಸರೂ ಇಷ್ಟು ಪ್ರಾಮಾಣಿಕವಲ್ಲ. ಒಸಾಕಾದ ಗಿಜಿಗುಡುವ ವ್ಯಾಪಾರ ಕೇಂದ್ರ ಉಮೆದಾ. ಈಗ ಬರೆಯುವ ಅಕ್ಷರಗಳ ಪ್ರಕಾರ ‘ಪ್ಲಮ್ ಹೂವಿನ ಗದ್ದೆ’. ಹಿಂದೆ ಅದು ಜೌಗು ನೆಲ. ಮಣ್ಣು ತುಂಬಿ ಗದ್ದೆ ಮಾಡಿದ್ದರಿಂದ ‘ಹೂಳಿದ ಗದ್ದೆ’ ಎಂದು ಬರೆಯುತ್ತಿದ್ದರೆಂದೂ, ಉಚ್ಚಾರ ಹಾಗೇ ಇಟ್ಟುಕೊಂಡು ಅಕ್ಷರವನ್ನಷ್ಟೇ ಚಂದ ಮಾಡಿದರೆಂದೂ ಹೇಳುತ್ತಾರೆ. ಟೋಕಿಯೊದ ಹಳೆಯ ಹೆಸರು ಎದೊ. ಬರೆಯುತ್ತಿದ್ದುದು ‘ಕೊಲ್ಲಿ’ ಮತ್ತು ‘ಬಾಗಿಲು’ ಎಂಬ ಅಕ್ಷರಗಳಲ್ಲಿ. 1868ರಲ್ಲಿ ಅದು ‘ಪೂರ್ವದ ರಾಜಧಾನಿ’ಯಾದಾಗ ಮೂರು ಹನಿ ನೀರು ಹೆಸರಿನಿಂದ ಆರಿಹೋಯಿತು.

ಟೋಕಿಯೊ ಪಕ್ಕದ ಉರಾಯಾಸುವಿನ ಕಥೆ ಇನ್ನೊಂದು ಬಗೆಯದು. 1889ರಲ್ಲಿ ಬೆಸ್ತರ ಹಳ್ಳಿಗಳನ್ನು ಕೂಡಿಸಿದಾಗ ಇಟ್ಟ ಈ ಹೆಸರಿನ ಅರ್ಥ ‘ನೆಮ್ಮದಿಯ ಕೊಲ್ಲಿ’. 1960ರ ದಶಕದಿಂದ ಕೊಲ್ಲಿಯನ್ನು ತುಂಬುತ್ತಾ ಹೋಗಿ ಊರು ನಾಲ್ಕು ಪಟ್ಟು ಬೆಳೆಯಿತು. 1983ರಲ್ಲಿ ಟೋಕಿಯೊ ಡಿಸ್ನಿಲ್ಯಾಂಡ್ ತೆರೆದದ್ದು ಆ ತುಂಬಿದ ನೆಲದ ಮೇಲೆ. 2011ರ ಭೂಕಂಪದ ಕೇಂದ್ರ ನೂರಾರು ಕಿಲೋಮೀಟರ್ ದೂರದಲ್ಲಿತ್ತು. ಆದರೂ ಉರಾಯಾಸುವಿನ ಹೊಸ ಬಡಾವಣೆಗಳಲ್ಲಿ ನೆಲದಿಂದ ಕೆಸರು ಉಕ್ಕಿತು, ಮನೆಗಳು ವಾಲಿದವು.

1962ರಲ್ಲಿ ಜಪಾನ್ ಸರ್ಕಾರ ವಿಳಾಸ ಪದ್ಧತಿಯನ್ನು ಸರಳಗೊಳಿಸುವ ಕಾನೂನು ತಂದಿತು. ಅಂಚೆಯವನಿಗೆ ಅನುಕೂಲವಾಯಿತು. ಆದರೆ ನೂರಾರು ಚಿಕ್ಕ ಕೇರಿಗಳ ಹೆಸರು ದೊಡ್ಡ ಹೆಸರುಗಳಲ್ಲಿ ಕರಗಿಹೋಯಿತು. ಹೊಸ ಬಡಾವಣೆ ಕಟ್ಟುವವರಿಗೆ ಜೌಗು, ಕೊಳ ಎಂಬ ಅಕ್ಷರಗಳು ರುಚಿಸುವುದಿಲ್ಲ; ‘ಗುಡ್ಡ’, ‘ದಿಣ್ಣೆ’, ‘ಹಸಿರು’ ಎಂದರೆ ನಿವೇಶನ ಬೇಗ ಮಾರಾಟವಾಗುತ್ತದೆ.

ಹಾಗೆಂದು ಮೂರು ಹನಿ ಕಂಡಲ್ಲೆಲ್ಲ ಅಪಾಯ ಎನ್ನಲೂ ಬಾರದು. ಎಷ್ಟೋ ಹೆಸರುಗಳಲ್ಲಿ ಕಾಂಜಿ ಬಂದಿರುವುದು ಉಚ್ಚಾರಕ್ಕಾಗಿ ಮಾತ್ರ. ಹೆಸರು ಕೊಡುವುದು ಸುಳಿವು. ಹಳೆಯ ನಕ್ಷೆ ನೋಡಿ, ನೆಲ ಅಗೆದು ಪರೀಕ್ಷಿಸಿದ ಮೇಲೆಯೇ ತೀರ್ಮಾನ.

ಅಲೆ ಸೀಳಿದ ಗುಡಿ

ಮತ್ತೆ ಸೆಂಡೈಗೆ ಬರೋಣ. 1611ರ ದಾಖಲೆಯಲ್ಲಿ ತ್ಸುನಾಮಿಯ ‘ನಾಮಿ’ ಬರೆದದ್ದು ಇಂದು ಬರೆಯುವ ‘ಚರ್ಮ’ದ ಅಕ್ಷರದಿಂದಲ್ಲ, ಮೂರು ಹನಿಯ ಪಕ್ಕ ‘ಒಳ್ಳೆಯದು’ ಎಂಬ ಭಾಗವಿರುವ ಇನ್ನೊಂದು ಅಕ್ಷರದಿಂದ. ಅದೇ ಅಕ್ಷರ ಹೊತ್ತ ಪುಟ್ಟ ಶಿಂಟೊ ಗುಡಿಯೊಂದು ಸೆಂಡೈ ಬಯಲಿನಲ್ಲಿ, ಕಡಲಿನಿಂದ ಸುಮಾರು ಐದು ಕಿಲೋಮೀಟರ್ ಒಳಗಿದೆ. ಹೆಸರು ‘ನಾಮಿವಾಕೆ’, ಅಲೆ ಸೀಳಿದ್ದು. ಹಿಂದೊಮ್ಮೆ ಕಡಲು ಇಲ್ಲಿಯವರೆಗೆ ಬಂದು ಎರಡಾಗಿ ಒಡೆದು ಹಿಂದೆ ಸರಿಯಿತು ಎನ್ನುತ್ತದೆ ಸ್ಥಳಪುರಾಣ. ಕಡಲೇ ಕಾಣದ ಗದ್ದೆಗಳ ನಡುವೆ ಅಲೆಯ ಹೆಸರು ಯಾಕೆ ಎಂದು ಯೋಚಿಸಿದವರು ಹೆಚ್ಚಿರಲಿಲ್ಲ. 2011ರಲ್ಲಿ ಬಯಲಿನೊಳಗೆ ಕಿಲೋಮೀಟರುಗಟ್ಟಲೆ ನುಗ್ಗಿದ ನೀರು ಗುಡಿಯನ್ನು ಮುಟ್ಟುವ ಮೊದಲೇ ನಿಂತಿತು.

ಅದೇ ನಗರದ ಕಡಲತಡಿಯಲ್ಲಿ ‘ಅರಾಹಮಾ’ ಎಂಬ ಊರಿತ್ತು. ‘ಒರಟು’ ಮತ್ತು ‘ಮರಳಿನ ತೀರ’ ಎಂಬ ಎರಡು ಅಕ್ಷರ. ಅಲೆ ಬಂದು ಹೋದ ಮೇಲೆ ಅಲ್ಲಿ ಮನೆಗಳು ಉಳಿಯಲಿಲ್ಲ. ನಾಲ್ಕು ಅಂತಸ್ತಿನ ಶಾಲೆಯನ್ನು ಹತ್ತಿದ ಸುಮಾರು 320 ಮಂದಿ ಬದುಕಿದರು. ಆ ಶಾಲೆಯನ್ನು 2017ರಿಂದ ಸ್ಮಾರಕವಾಗಿ ಇಟ್ಟಿದ್ದಾರೆ. ಊರಿದ್ದ ಜಾಗದಲ್ಲಿ ಮತ್ತೆ ಮನೆ ಕಟ್ಟಲು ಅನುಮತಿ ಇಲ್ಲ.

ಉತ್ತರಕ್ಕೆ ಇವಾತೆ ಪ್ರಾಂತ್ಯದ ಅನೆಯೋಶಿ ಎಂಬ ಹಳ್ಳಿಯವರು ಹೆಸರನ್ನೇ ನಂಬಿ ಕೂರಲಿಲ್ಲ. 1933ರ ಸುನಾಮಿಯ ಬಳಿಕ ಗುಡ್ಡದ ಮೇಲೆ ಕಲ್ಲು ನೆಟ್ಟು, ಇದಕ್ಕಿಂತ ಕೆಳಗೆ ಮನೆ ಕಟ್ಟಬೇಡಿ ಎಂದು ಕೆತ್ತಿಸಿದರು. ಮಕ್ಕಳು ಮೊಮ್ಮಕ್ಕಳು ಆ ಮಾತು ಮೀರಲಿಲ್ಲ. 2011ರ ನೀರು ಕಲ್ಲಿನ ಕೆಳಗೇ ನಿಂತಿತು. ಮೇಲಿದ್ದ ಮನೆಗಳಿಗೆ ಏನೂ ಆಗಲಿಲ್ಲ. ಇಂಥ ಕಲ್ಲುಗಳನ್ನು ತೋರಿಸಲೆಂದೇ ಸರ್ಕಾರಿ ನಕ್ಷೆಗಳಲ್ಲಿ 2019ರಿಂದ ಹೊಸದೊಂದು ಗುರುತು ಸೇರಿದೆ.

2024ರ ಜನವರಿ 1ರಂದು ನೋತೊ ಪರ್ಯಾಯದ್ವೀಪ ಕಂಪಿಸಿದಾಗ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯ ಪರದೆಯ ಮೇಲೆ ‘ತ್ಸುನಾಮಿ! ಓಡಿ!’ ಎಂದು ದೊಡ್ಡದಾಗಿ ಮೂಡಿತು. ಬರೆದದ್ದು ಕಾಂಜಿಯಲ್ಲಲ್ಲ, ಪುಟ್ಟ ಮಕ್ಕಳೂ ಜಪಾನಿ ಭಾಷೆ ಅಷ್ಟಿಷ್ಟು ಕಲಿತ ವಿದೇಶೀಯರೂ ಓದಬಲ್ಲ ‘ಹಿರಾಗಾನಾ’ ಲಿಪಿಯಲ್ಲಿ. ಅದು ನಮ್ಮ ಅಕ್ಷರಗಳಂತೆಯೇ ಬರೀ ದನಿ ಹೇಳುವ ಲಿಪಿ. ರೇವು, ಅಲೆ, ಮೂರು ಹನಿ ಯಾವುದೂ ಅದರಲ್ಲಿ ಕಾಣುವುದಿಲ್ಲ; ಆ ಗಳಿಗೆಯಲ್ಲಿ ಕಾಣಬೇಕಾಗಿಯೂ ಇಲ್ಲ. ಓಡುವ ಹೊತ್ತಿನಲ್ಲಿ ಅಕ್ಷರ ಬಿಡಿಸಿ ಅರ್ಥ ಹುಡುಕಲು ಸಮಯವೆಲ್ಲಿ? ಅದು ಬಹಳ ಮೊದಲೇ, ನಿವೇಶನದ ಕಾಗದಕ್ಕೆ ಸಹಿ ಹಾಕುವ ಮುನ್ನ ಊರಿನ ಹಳೆಯ ಹೆಸರು ಏನೆಂದು ಕೇಳುವಾಗ ಆಗಬೇಕಾದ ಕೆಲಸ.